ಗ್ರಾಫಿಕ್ಸ್ ಡ್ರೈವರ್: ಮುಕ್ತವಾದದ್ದೋ, ಕಂಪನಿಯದೋ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ, ವಿಂಡೋಸ್ 11 ಹಾಕಲು ಬಾರದ ಹಳೆಯ ಕಂಪ್ಯೂಟರುಗಳನ್ನು ಮೂಲೆಗೆ ಸೇರಿಸದೆ ಉಳಿಸಿಕೊಳ್ಳಲು ಇರುವ ದಾರಿಗಳಲ್ಲಿ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆ ಮುಖ್ಯವಾದುದಾಗಿದೆ. ಭಟ್ಕಳ, ಹೊನ್ನಾವರ, ಕುಮಟಾದಂತಹ ಊರುಗಳಲ್ಲಿ ಒಮ್ಮೆ ಕೊಂಡ ಯಂತ್ರವು ಅಣ್ಣನಿಂದ ತಂಗಿಗೆ, ಮನೆಯಿಂದ ಅಂಗಡಿಗೆ ಕೈ ಬದಲಿಸುತ್ತ ವರ್ಷಗಟ್ಟಲೆ ಬಾಳಬೇಕಾಗುವುದರಿಂದ ಈ ಮಾತು ಕರಾವಳಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಹೀಗೆ ಲಿನಕ್ಸ್ ಹಾಕಿಕೊಂಡವರ ಮುಂದೆ ಬೇಗನೆ ಬಂದು ನಿಲ್ಲುವ ಪ್ರಶ್ನೆಯೆಂದರೆ ಗ್ರಾಫಿಕ್ಸ್ ಡ್ರೈವರ್‌ನದು: ಯಾರು ಬೇಕಾದರೂ ಓದಿ ತಿದ್ದಬಹುದಾದ ಮುಕ್ತ ಡ್ರೈವರನ್ನು ಬಳಸಬೇಕೇ, ಅಥವಾ ಚಿಪ್ ತಯಾರಿಸಿದ ಕಂಪನಿಯು ಒಳಗುಟ್ಟು ಬಿಡದೆ ಕೊಡುವ ಡ್ರೈವರನ್ನು ಹಾಕಿಕೊಳ್ಳಬೇಕೇ? ಚಿಪ್ ಯಾರದು, ಅದರಿಂದ ಆಗಬೇಕಾದ ಕೆಲಸ ಯಾವುದು, ಯಂತ್ರ ಇನ್ನೆಷ್ಟು ವರ್ಷ ನಡೆಯಬೇಕು ಎಂಬ ಮೂರು ಸಂಗತಿಗಳು ತಿಳಿದರೆ ಉತ್ತರ ಕಷ್ಟದ್ದಲ್ಲ.

ಡ್ರೈವರ್ ಮಾಡುವ ಕೆಲಸ

ಪರದೆಯ ಮೇಲೆ ಕಾಣುವ ಅಕ್ಷರ, ಚಿತ್ರ, ಚಲನಚಿತ್ರಗಳನ್ನೆಲ್ಲ ರೂಪಿಸುವುದು ಗ್ರಾಫಿಕ್ಸ್ ಚಿಪ್. ಇದು ಕೆಲವು ಯಂತ್ರಗಳಲ್ಲಿ ಮುಖ್ಯ ಪ್ರೊಸೆಸರಿನೊಳಗೇ ಅಡಕವಾಗಿರುತ್ತದೆ, ಕೆಲವುಗಳಲ್ಲಿ ಪ್ರತ್ಯೇಕ ಕಾರ್ಡಿನ ಮೇಲಿರುತ್ತದೆ. ಪ್ರತಿಯೊಂದು ಕಂಪನಿಯ ಚಿಪ್ ತನ್ನದೇ ಆದ ಆಜ್ಞೆಗಳನ್ನು ಮಾತ್ರ ಪಾಲಿಸುವುದರಿಂದ, ಅನ್ವಯ ತಂತ್ರಾಂಶಗಳ ಬೇಡಿಕೆಯನ್ನು ಆ ಆಜ್ಞೆಗಳಾಗಿ ಬದಲಾಯಿಸಿ ಚಿಪ್‌ಗೆ ತಲುಪಿಸುವ ತಂತ್ರಾಂಶವೊಂದು ನಡುವೆ ಬೇಕಾಗುತ್ತದೆ, ಅದೇ ಡ್ರೈವರ್.

ಲಿನಕ್ಸ್‌ನಲ್ಲಿ ಈ ಕೆಲಸ ಎರಡು ಪದರಗಳಲ್ಲಿ ಹಂಚಿಹೋಗಿದೆ. ಕೆಳಗಿನ ಪದರವು ಕರ್ನಲ್‌ನೊಳಗೆ, ಅಂದರೆ ಯಂತ್ರದ ಎಲ್ಲ ಭಾಗಗಳ ಮೇಲೆ ಹಿಡಿತವಿರುವ ಕಾರ್ಯಾಚರಣ ವ್ಯವಸ್ಥೆಯ ತಿರುಳಿನೊಳಗೆ, ಇರುತ್ತದೆ. ಚಿಪ್‌ನ ಸ್ಮರಣೆಯನ್ನು ಹಂಚುವುದು, ಪರದೆಯ ಅಳತೆಯನ್ನು ಹೊಂದಿಸುವುದು, ವಿದ್ಯುತ್ ಬಳಕೆಯನ್ನು ಏರಿಸಿ ಇಳಿಸುವುದು ಅದರ ಹೊಣೆ. ಮೇಲಿನ ಪದರವು ಓಪನ್‌ಜಿಎಲ್, ವಲ್ಕನ್ ಎಂಬ ಸರ್ವಮಾನ್ಯ ಚಿತ್ರಣ ನಿಯಮಾವಳಿಗಳಲ್ಲಿ ಬರುವ ಬೇಡಿಕೆಗಳನ್ನು ಚಿಪ್‌ನ ಆಜ್ಞೆಗಳಾಗಿ ಪರಿವರ್ತಿಸುತ್ತದೆ. ಮುಕ್ತ ಡ್ರೈವರುಗಳಲ್ಲಿ ಈ ಮೇಲಿನ ಪದರವು ಬಹುಮಟ್ಟಿಗೆ ‘ಮೆಸಾ’ ಎಂಬ ಒಂದೇ ಯೋಜನೆಯಲ್ಲಿದೆ. 1993ರಲ್ಲಿ ಬ್ರಯನ್ ಪಾಲ್ ಆರಂಭಿಸಿದ ಈ ಕೆಲಸವು ಇಂದು ಇಂಟೆಲ್, ಎಎಂಡಿ ಮತ್ತು ಮೊಬೈಲ್ ಚಿಪ್‌ಗಳವರೆಗೂ ಹಬ್ಬಿದೆ.

ಕನ್ನಡ ಅಕ್ಷರಗಳು ಸರಿಯಾಗಿ ಮೂಡುವುದಕ್ಕೂ ಡ್ರೈವರಿಗೂ ಸಂಬಂಧವಿದೆಯೇ ಎಂಬ ಅನುಮಾನ ಹಲವರಿಗಿರುತ್ತದೆ. ಒತ್ತಕ್ಷರ, ಗುಣಿತಾಕ್ಷರಗಳನ್ನು ಕೂಡಿಸಿ ಆಕಾರ ಕೊಡುವುದು ಫಾಂಟ್ ಮತ್ತು ‘ಹಾರ್ಫ್‌ಬಝ್’ ಎಂಬ ಇನ್ನೊಂದು ತಂತ್ರಾಂಶವೇ ಹೊರತು ಡ್ರೈವರ್ ಅಲ್ಲ. ಆದ್ದರಿಂದ ಯಾವ ಡ್ರೈವರನ್ನು ಆರಿಸಿಕೊಂಡರೂ ಕನ್ನಡದ ಓದು ಬರಹಕ್ಕೆ ತೊಂದರೆಯಿಲ್ಲ.

ಮೂರು ಕಂಪನಿಗಳು, ಮೂರು ನಿಲುವುಗಳು

ಮುಕ್ತ ತಂತ್ರಾಂಶದ ಚಳವಳಿಗೂ ಇಂತಹ ನಡುವಣ ತಂತ್ರಾಂಶಕ್ಕೂ ಹಳೆಯ ನಂಟಿದೆ. ಅಮೆರಿಕದ ಎಂಐಟಿಯಲ್ಲಿ ಕೆಲಸ ಮಾಡುತ್ತಿದ್ದ ರಿಚರ್ಡ್ ಸ್ಟಾಲ್ಮನ್ ಅವರಿಗೆ, ಪ್ರಯೋಗಾಲಯಕ್ಕೆ ಬಂದ ಮುದ್ರಣ ಯಂತ್ರವೊಂದರ ತಂತ್ರಾಂಶದ ಸೋರ್ಸ್ ಕೋಡ್, ಅಂದರೆ ಮನುಷ್ಯರು ಓದಬಲ್ಲ ಮೂಲರೂಪ, ಸಿಗದೆಹೋದದ್ದರಿಂದ ಅದರ ದೋಷವನ್ನು ತಿದ್ದಲಾಗಲಿಲ್ಲ. 1983ರಲ್ಲಿ ಅವರು ಘೋಷಿಸಿದ ಗ್ನೂ ಯೋಜನೆಯ ಹಿಂದಿನ ಕಾರಣಗಳಲ್ಲಿ ಈ ಅನುಭವವೂ ಒಂದು. 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಬರೆಯತೊಡಗಿದ ಲಿನಕ್ಸ್ ಕರ್ನಲ್ ಆ ಯೋಜನೆಯ ಪರವಾನಗಿಯನ್ನೇ ಅಳವಡಿಸಿಕೊಂಡಿತು. ಹೀಗಾಗಿ ಕರ್ನಲ್‌ನೊಳಗೆ ಸೇರಬೇಕಾದ ಯಾವುದೇ ಡ್ರೈವರ್ ತನ್ನ ಸೋರ್ಸ್ ಕೋಡನ್ನು ಬಿಚ್ಚಿಡಲೇಬೇಕು. ಬಿಚ್ಚಿಡಲು ಒಪ್ಪದ ಡ್ರೈವರ್ ಹೊರಗಿನಿಂದ ಬಂದು ಅಂಟಿಕೊಳ್ಳಬೇಕು.

ಇಂಟೆಲ್ ಬಹುಕಾಲದಿಂದ ತನ್ನ ಗ್ರಾಫಿಕ್ಸ್ ಡ್ರೈವರನ್ನು ಮುಕ್ತವಾಗಿಯೇ ಬೆಳೆಸಿಕೊಂಡು ಬಂದಿದೆ. ಹಲವು ಸಾಮಾನ್ಯ ಕಚೇರಿ ಕಂಪ್ಯೂಟರು ಮತ್ತು ಲ್ಯಾಪ್‌ಟಾಪುಗಳಲ್ಲಿ ಇಂಟೆಲ್‌ನ ಒಳಗ್ರಾಫಿಕ್ಸ್ ಮಾತ್ರ ಇರುವುದರಿಂದ ಅಂತಹ ಯಂತ್ರ ಉಳ್ಳವರ ಮುಂದೆ ಆಯ್ಕೆಯ ಪ್ರಶ್ನೆಯೇ ಏಳುವುದಿಲ್ಲ. ಲಿನಕ್ಸ್ ಹಾಕಿದೊಡನೆ ಡ್ರೈವರೂ ಬಂದಿರುತ್ತದೆ. ಇದಕ್ಕೆ ಒಂದು ಕಹಿಯಾದ ಅಪವಾದವಿತ್ತು: 2008ರ ಹೊತ್ತಿಗೆ ಕೆಲವು ಕಿರು ಲ್ಯಾಪ್‌ಟಾಪುಗಳಲ್ಲಿ ಇಂಟೆಲ್ ಬಳಸಿದ ‘ಜಿಎಂಎ 500’ ಎಂಬ ಭಾಗವು ಬೇರೆ ಕಂಪನಿಯ ಪವರ್‌ವಿಆರ್ ವಿನ್ಯಾಸವಾಗಿದ್ದು, ಅದರ ಮುಚ್ಚಿದ ಡ್ರೈವರ್ ಹೊಸ ಕರ್ನಲ್‌ಗಳ ಜೊತೆ ಹೆಜ್ಜೆ ಹಾಕಲಾರದೆ ಆ ಯಂತ್ರಗಳು ಬೇಗನೆ ನಿಷ್ಪ್ರಯೋಜಕವಾದವು.

ಎಎಂಡಿ ಕಂಪನಿಯು 2006ರಲ್ಲಿ ಗ್ರಾಫಿಕ್ಸ್ ಚಿಪ್ ತಯಾರಕ ಎಟಿಐಯನ್ನು ಕೊಂಡು, 2007ರ ಸೆಪ್ಟೆಂಬರಿನಲ್ಲಿ ತನ್ನ ಗ್ರಾಫಿಕ್ಸ್ ಚಿಪ್‌ಗಳ ತಾಂತ್ರಿಕ ವಿವರಗಳನ್ನು ಹೊರಗೆಡಹುವುದಾಗಿ ಘೋಷಿಸಿತು. ಕೆಲವು ವರ್ಷ ಮುಚ್ಚಿದ ಡ್ರೈವರೂ ಮುಕ್ತ ಡ್ರೈವರೂ ಜೊತೆಜೊತೆಗೆ ನಡೆದವು. 2015ರಲ್ಲಿ ‘ಎಎಂಡಿಜಿಪಿಯು’ ಎಂಬ ಮುಕ್ತ ಡ್ರೈವರ್ ಕರ್ನಲ್ 4.2ಕ್ಕೆ ಸೇರಿತು. ಮರುವರ್ಷ ಕಂಪನಿಯ ಹೊರಗಿನವರಾದ ಡೇವ್ ಏರ್ಲಿ ಮತ್ತು ಬಾಸ್ ನ್ಯೂವೆನ್ಹೌಜೆನ್ ‘ಆರ್‌ಎಡಿವಿ’ ಎಂಬ ವಲ್ಕನ್ ಡ್ರೈವರನ್ನು ಮೆಸಾದೊಳಗೆ ಬರೆಯತೊಡಗಿದರು. ಆಟಗಳ ಕಂಪನಿಯಾದ ವಾಲ್ವ್ ಅದರ ಬೆನ್ನಿಗೆ ನಿಂತಿತು. 2022ರ ಫೆಬ್ರವರಿಯಲ್ಲಿ ಮಾರುಕಟ್ಟೆಗೆ ಬಂದ ವಾಲ್ವ್‌ನ ‘ಸ್ಟೀಮ್ ಡೆಕ್’ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರ ಓಡುವುದು ಆರ್‌ಎಡಿವಿಯ ಮೇಲೆಯೇ. ಕಡೆಗೆ 2025ರಲ್ಲಿ ಎಎಂಡಿ ತನ್ನದೇ ಆದ ಪ್ರತ್ಯೇಕ ವಲ್ಕನ್ ಡ್ರೈವರನ್ನು ಕೈಬಿಟ್ಟು ಆರ್‌ಎಡಿವಿಯನ್ನೇ ಅಧಿಕೃತವಾಗಿ ಬೆಂಬಲಿಸುವುದಾಗಿ ಹೇಳಿತು. ಹೊರಗಿನವರು ಬರೆದದ್ದಕ್ಕಾಗಿ ಕಂಪನಿಯೇ ತಾನು ಬರೆದದ್ದನ್ನು ಬಿಟ್ಟುಕೊಟ್ಟ ಇಂತಹ ಉದಾಹರಣೆಗಳು ವಿರಳ.

ಎನ್‌ವಿಡಿಯಾದ ದಾರಿ ಬೇರೆ. ಅದರ ಮುಚ್ಚಿದ ಲಿನಕ್ಸ್ ಡ್ರೈವರ್ ಎರಡು ದಶಕಗಳಿಗೂ ಹೆಚ್ಚು ಕಾಲ ವೇಗದಲ್ಲಿ ಉಳಿದವರಿಗೆ ಮಾದರಿಯಾಗಿತ್ತಾದರೂ ಮುಕ್ತ ಡ್ರೈವರ್ ಬರೆಯುವವರಿಗೆ ಕಂಪನಿಯಿಂದ ಸಿಕ್ಕ ನೆರವು ಅತ್ಯಲ್ಪ. ‘ನೂವೋ’ ಎಂಬ ಮುಕ್ತ ಡ್ರೈವರನ್ನು ಸ್ವಯಂಸೇವಕರು ಚಿಪ್‌ನ ನಡವಳಿಕೆಯನ್ನು ಹೊರಗಿನಿಂದ ಗಮನಿಸಿ, ಊಹಿಸಿ, ಪರೀಕ್ಷಿಸಿ ಕಟ್ಟಿದರು. 2010ರಲ್ಲಿ ಬಿಡುಗಡೆಯಾದ ಕರ್ನಲ್ 2.6.33ರಲ್ಲಿ ಅದು ಸೇರಿತು. ಆದರೆ 2014ರ ನಂತರದ ಕಾರ್ಡುಗಳಲ್ಲಿ ಕಂಪನಿಯ ಸಹಿಯುಳ್ಳ ಫರ್ಮ್‌ವೇರ್, ಅಂದರೆ ಚಿಪ್‌ನೊಳಗೇ ಓಡುವ ಪುಟ್ಟ ತಂತ್ರಾಂಶ, ಇಲ್ಲದೆ ಚಿಪ್‌ನ ವೇಗವನ್ನು ಏರಿಸಲಾಗದಂತೆ ಮಾಡಲಾಯಿತು. ಇದರಿಂದ ನೂವೋ ಬಳಸುವವರ ಕಾರ್ಡು ಆರಂಭದ ತಗ್ಗಿದ ವೇಗದಲ್ಲಿಯೇ ಸಿಕ್ಕಿಕೊಂಡಿತು. ಇದಕ್ಕೂ ಮೊದಲೇ, 2012ರಲ್ಲಿ, ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯಲ್ಲಿ ಟೋರ್ವಾಲ್ಡ್ಸ್ ಎನ್‌ವಿಡಿಯಾವನ್ನು ಬಹಿರಂಗವಾಗಿ, ಬಹಳ ಕಟುವಾಗಿ ಖಂಡಿಸಿದ್ದು ಕಂಪನಿಯ ಅಸಹಕಾರದ ಹಿನ್ನೆಲೆಯಲ್ಲಿಯೇ.

ಗೋಡೆ ಕರಗಿದ್ದು ಎಷ್ಟು?

2022ರ ಮೇ ತಿಂಗಳಲ್ಲಿ ಎನ್‌ವಿಡಿಯಾ ತನ್ನ ಡ್ರೈವರಿನ ಕರ್ನಲ್ ಭಾಗದ ಸೋರ್ಸ್ ಕೋಡನ್ನು ಪ್ರಕಟಿಸಿತು. 2018ರಿಂದೀಚಿನ ಟ್ಯೂರಿಂಗ್ ಪೀಳಿಗೆ ಮತ್ತು ಅದರ ಮುಂದಿನ ಕಾರ್ಡುಗಳಿಗೆ ಇದು ಅನ್ವಯಿಸುತ್ತದೆ. 2025ರಲ್ಲಿ ಬಂದ ಆರ್‌ಟಿಎಕ್ಸ್ 50 ಸರಣಿಯ ಕಾರ್ಡುಗಳು ಈ ಮುಕ್ತ ಕರ್ನಲ್ ಭಾಗದೊಂದಿಗೆ ಮಾತ್ರ ಕೆಲಸ ಮಾಡುತ್ತವೆ. ಆದರೆ ಇದನ್ನು ಓದಿ ಎನ್‌ವಿಡಿಯಾ ಡ್ರೈವರ್ ಪೂರ್ತಿ ಮುಕ್ತವಾಯಿತೆಂದು ಭಾವಿಸಬಾರದು. ಮೊದಲು ಡ್ರೈವರಿನಲ್ಲಿದ್ದ ಬಹಳಷ್ಟು ಕೆಲಸ ಈಗ ಕಾರ್ಡಿನೊಳಗಿನ ಪುಟ್ಟ ಪ್ರೊಸೆಸರಿನ ಮುಚ್ಚಿದ ಫರ್ಮ್‌ವೇರಿಗೆ ವರ್ಗವಾಗಿದೆ. ಓಪನ್‌ಜಿಎಲ್, ವಲ್ಕನ್, ಗ್ರಾಫಿಕ್ಸ್ ಚಿಪ್‌ನಲ್ಲಿ ಲೆಕ್ಕಾಚಾರ ನಡೆಸಲು ಕಂಪನಿಯೇ ರೂಪಿಸಿದ ‘ಕುಡಾ’ ಇವುಗಳನ್ನೊಳಗೊಂಡ ಮೇಲಿನ ಪದರ ಇನ್ನೂ ಮುಚ್ಚಿಯೇ ಇದೆ.

ಹಾಗಿದ್ದರೂ ಈ ಬದಲಾವಣೆ ವ್ಯರ್ಥವಲ್ಲ. ಆ ಫರ್ಮ್‌ವೇರನ್ನು ಬಳಸಿಕೊಂಡು ಮುಕ್ತ ಡ್ರೈವರುಗಳು ಈಗ ಈ ಹೊಸ ಕಾರ್ಡುಗಳಲ್ಲಿ ಚಿಪ್‌ನ ವೇಗವನ್ನು ಏರಿಸಬಲ್ಲವು. 2022ರಲ್ಲಿ ಪ್ರಕಟವಾದ ‘ಎನ್‌ವಿಕೆ’ ಎಂಬ ಮುಕ್ತ ವಲ್ಕನ್ ಡ್ರೈವರ್ ಮೆಸಾದ ಭಾಗವಾಗಿ ಬೆಳೆಯುತ್ತಿದೆ. ರೆಡ್‌ಹ್ಯಾಟ್ ಎಂಬ ಲಿನಕ್ಸ್ ಕಂಪನಿಯವರು 2024ರಲ್ಲಿ ಆರಂಭಿಸಿದ ‘ನೋವಾ’ ಎಂಬ ಹೊಸ ಕರ್ನಲ್ ಡ್ರೈವರಿನ ಮೊದಲ ತುಣುಕು 2025ರಲ್ಲಿ ಕರ್ನಲ್ ಸೇರಿದೆ. ಇವೆಲ್ಲ ಪಕ್ವವಾಗಲು ಇನ್ನೂ ಕಾಲ ಬೇಕು.

ಫರ್ಮ್‌ವೇರಿನ ಮಾತು ಬಂದಾಗ ಒಂದು ಸತ್ಯವನ್ನು ಒಪ್ಪಿಕೊಳ್ಳಬೇಕು. ಎಎಂಡಿಯ ಮುಕ್ತ ಡ್ರೈವರಿಗೂ, ಹೊಸ ಇಂಟೆಲ್ ಚಿಪ್‌ಗಳಿಗೂ ಕಂಪನಿ ಕೊಡುವ ಮುಚ್ಚಿದ ಫರ್ಮ್‌ವೇರ್ ಬೇಕೇ ಬೇಕು. ಮುಕ್ತ ತಂತ್ರಾಂಶದ ವಿಷಯದಲ್ಲಿ ಕಟ್ಟುನಿಟ್ಟಾದ ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ, ಅಂದರೆ ಬಳಕೆಗೆ ಸಿದ್ಧಪಡಿಸಿದ ಲಿನಕ್ಸ್ ರೂಪದ, ಬಳಗವೂ 2022ರಲ್ಲಿ ಮತದಾನ ನಡೆಸಿ, 2023ರಲ್ಲಿ ಬಿಡುಗಡೆಯಾದ ಡೆಬಿಯನ್ 12ರ ಅನುಸ್ಥಾಪಕದಲ್ಲಿಯೇ ಇಂತಹ ಫರ್ಮ್‌ವೇರನ್ನು ಸೇರಿಸಿತು. ಆಯ್ಕೆಯು ಪೂರ್ಣ ಸ್ವಾತಂತ್ರ್ಯ ಮತ್ತು ಪೂರ್ಣ ಪರಾಧೀನತೆಗಳ ನಡುವಿನದಲ್ಲ. ತಿದ್ದಬಹುದಾದ ಭಾಗ ಎಷ್ಟು ದೊಡ್ಡದು ಎಂಬುದಷ್ಟೇ ಪ್ರಶ್ನೆ.

ಓಂ ಬೀಚಿನ ಒಂದು ವಿಡಿಯೊ

ಆಯ್ಕೆಯು ಕೆಲಸದ ಮೇಲೆ ಹೇಗೆ ನಿಲ್ಲುತ್ತದೆ ಎಂಬುದಕ್ಕೆ ಕುಮಟಾ ತಾಲೂಕಿನ ಗೋಕರ್ಣದ ಓಂ ಬೀಚನ್ನೇ ಉದಾಹರಣೆಯಾಗಿ ನೋಡಬಹುದು. ಬಂಡೆಗಳ ಇಕ್ಕೆಲದಲ್ಲಿ ಬಾಗಿದ ಎರಡು ಮರಳ ದಂಡೆಗಳು ಸೇರಿ ಓಂಕಾರದ ಆಕಾರವಾಗುವುದನ್ನು ಗುಡ್ಡದ ಮೇಲಿನಿಂದ 4ಕೆ ಗುಣಮಟ್ಟದಲ್ಲಿ ಚಿತ್ರೀಕರಿಸಿದರೆ, ಪ್ರತಿ ಚೌಕಟ್ಟಿನಲ್ಲಿ 3840 ಅಡ್ಡ, 2160 ಉದ್ದ, ಅಂದರೆ ಸುಮಾರು 83 ಲಕ್ಷ ಬಿಂದುಗಳಿರುತ್ತವೆ. ಸೆಕೆಂಡಿಗೆ 30 ಚೌಕಟ್ಟುಗಳೆಂದರೆ ಸುಮಾರು 25 ಕೋಟಿ ಬಿಂದುಗಳು. ಕ್ಯಾಮೆರಾ ಇವನ್ನು ಎಚ್.265 ಎಂಬ ಕ್ರಮದಲ್ಲಿ ಬಿಗಿಯಾಗಿ ಅಡಕಗೊಳಿಸಿ ಕಡತವಾಗಿಸುತ್ತದೆ. ಆ ಕಡತವನ್ನು ನೋಡುವಾಗಲೆಲ್ಲ ಅಡಕವನ್ನು ಬಿಡಿಸುವ ಕೆಲಸ ನಡೆಯಬೇಕು; ಗ್ರಾಫಿಕ್ಸ್ ಚಿಪ್‌ನಲ್ಲಿ ಅದಕ್ಕೆಂದೇ ಮೀಸಲಾದ ಭಾಗವೊಂದಿರುತ್ತದೆ. ಡ್ರೈವರ್ ಆ ಭಾಗವನ್ನು ಬಳಸಿಕೊಂಡರೆ ವಿಡಿಯೊ ಸಲೀಸಾಗಿ ಓಡುತ್ತದೆ, ಇಲ್ಲವಾದರೆ ಇಡೀ ಹೊರೆ ಮುಖ್ಯ ಪ್ರೊಸೆಸರಿನ ಮೇಲೆ ಬಿದ್ದು ಫ್ಯಾನ್ ಅಬ್ಬರಿಸುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ, ಅಲೆಗಳು ತುಂಡು ತುಂಡಾಗಿ ಚಲಿಸುತ್ತವೆ.

ಇಂಟೆಲ್ ಮತ್ತು ಎಎಂಡಿ ಚಿಪ್‌ಗಳಲ್ಲಿ ಮುಕ್ತ ಡ್ರೈವರುಗಳೇ ಈ ಭಾಗವನ್ನು ಮುಟ್ಟಬಲ್ಲವು. ಇಲ್ಲಿ ಪೇಟೆಂಟಿನ ತೊಡಕೊಂದಿದೆ: 2022ರಲ್ಲಿ ಫೆಡೋರಾ ವಿತರಣೆಯು ಕಾನೂನಿನ ಕಾರಣಕ್ಕೆ ಎಚ್.264 ಮತ್ತು ಎಚ್.265 ಬಿಡಿಸುವ ಸೌಲಭ್ಯವನ್ನು ತನ್ನ ಮೆಸಾದಿಂದ ತೆಗೆಯಿತು, ಬೇಕಾದವರು ಆರ್‌ಪಿಎಂ ಫ್ಯೂಶನ್ ಎಂಬ ಹೊರಗಿನ ಭಂಡಾರದಿಂದ ಅದನ್ನು ಹಾಕಿಕೊಳ್ಳಬೇಕಾಗುತ್ತದೆ. ಎನ್‌ವಿಡಿಯಾ ಕಾರ್ಡಿನಲ್ಲಿ ವಿಡಿಯೊ ಬಿಡಿಸುವ, ಅಡಕಗೊಳಿಸುವ ಭಾಗಗಳ ಪೂರ್ಣ ಉಪಯೋಗ ಸಿಗುವುದು ಕಂಪನಿಯ ಡ್ರೈವರಿನಿಂದಲೇ.

ಸಂಕಲನಕ್ಕೆ ಕೇಡೆನ್‌ಲೈವ್ ಅಥವಾ ಶಾಟ್‌ಕಟ್‌ನಂತಹ ಮುಕ್ತ ತಂತ್ರಾಂಶ ಸಾಕೆನ್ನುವವರಿಗೆ ಮುಕ್ತ ಡ್ರೈವರ್ ಸಾಕು. ಮದುವೆ, ಪ್ರವಾಸ, ಜಾಹೀರಾತುಗಳ ವಿಡಿಯೊ ಮಾಡುವ ವೃತ್ತಿಯವರು ಇಷ್ಟಪಡುವ ಡಾವಿಂಚಿ ರಿಸಾಲ್ವ್ ಬೇಕಾದರೆ, ಎನ್‌ವಿಡಿಯಾ ಕಾರ್ಡಿನ ಮೇಲೆ ಅದು ಕುಡಾವನ್ನು ಅವಲಂಬಿಸಿರುವುದರಿಂದ ಕಂಪನಿಯ ಡ್ರೈವರ್ ಅನಿವಾರ್ಯ. ಅದರ ಉಚಿತ ಆವೃತ್ತಿಗೆ ಲಿನಕ್ಸ್‌ನಲ್ಲಿ ಎಚ್.264, ಎಚ್.265 ಕಡತಗಳ ವಿಷಯದಲ್ಲಿ ಬಹುಕಾಲದಿಂದ ಇರುವ ಮಿತಿಯನ್ನೂ ಕೊಳ್ಳುವ ಮುನ್ನ ಗಮನಿಸಬೇಕು. ಮೂರು ಆಯಾಮದ ಚಿತ್ರ ರಚಿಸುವ ಬ್ಲೆಂಡರ್‌ನಲ್ಲಿ ಎಎಂಡಿ, ಇಂಟೆಲ್ ಕಾರ್ಡುಗಳಿಗೂ ದಾರಿಯಿದೆಯಾದರೂ ಎನ್‌ವಿಡಿಯಾದ ಮುಚ್ಚಿದ ಡ್ರೈವರ್ ವೇಗದಲ್ಲಿ ಇಂದಿಗೂ ಮುಂದಿದೆ.

ಯಂತ್ರಕಲಿಕೆ ಮತ್ತು ವಿಜ್ಞಾನದ ಲೆಕ್ಕಾಚಾರಗಳಲ್ಲಿ ಕುಡಾದ ಹಿಡಿತ ಇನ್ನೂ ಬಲವಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಕಾರ್ಯಾರಂಭ ಮಾಡಿದ, 3.3 ಪೆಟಾಫ್ಲಾಪ್ ಸಾಮರ್ಥ್ಯದ ‘ಪರಮ್ ಪ್ರವೇಗ’ ಸೂಪರ್ ಕಂಪ್ಯೂಟರ್ ಓಡುವುದು ಲಿನಕ್ಸ್‌ನಲ್ಲಿ. ಅದರಲ್ಲಿರುವ ಗ್ರಾಫಿಕ್ಸ್ ಕಾರ್ಡುಗಳು ಎನ್‌ವಿಡಿಯಾದ ವಿ100. ಸಂಶೋಧಕರು ವರ್ಷಗಳಿಂದ ಬರೆದಿಟ್ಟ ಕಾರ್ಯಕ್ರಮಗಳು ಕುಡಾದಲ್ಲಿರುವಾಗ ಅವರಿಗೆ ಮುಚ್ಚಿದ ಡ್ರೈವರನ್ನು ಬಿಡಿರೆಂದು ಉಪದೇಶಿಸುವುದು ಅರ್ಥಹೀನ.

ಆಯುಷ್ಯ ತೀರ್ಮಾನಿಸುವವರು ಯಾರು?

ಮುಚ್ಚಿದ ಡ್ರೈವರಿನ ನಿಜವಾದ ಬೆಲೆ ತಿಳಿಯುವುದು ಕಾರ್ಡು ಹಳೆಯದಾದ ಮೇಲೆ. ಲಿನಕ್ಸ್ ಕರ್ನಲ್ ಸುಮಾರು ಎರಡು ತಿಂಗಳಿಗೊಮ್ಮೆ ಹೊಸ ಆವೃತ್ತಿ ಕಾಣುತ್ತದೆ. ಅದರ ಒಳರಚನೆ ಬದಲಾದಾಗ ಕರ್ನಲ್‌ನೊಳಗಿನ ಮುಕ್ತ ಡ್ರೈವರುಗಳನ್ನು ಬದಲಾವಣೆ ಮಾಡಿದವರೇ ಸರಿಪಡಿಸುತ್ತಾರೆ. ಹೊರಗಿನಿಂದ ಬಂದ ಡ್ರೈವರನ್ನು ಸರಿಪಡಿಸಬೇಕಾದದ್ದು ಕಂಪನಿ, ಮತ್ತು ಕಂಪನಿಗೆ ಹಳೆಯ ಕಾರ್ಡುಗಳ ಮೇಲೆ ಆಸಕ್ತಿ ಕಳೆದುಹೋದ ದಿನ ಆ ಕಾರ್ಡುಗಳ ಭವಿಷ್ಯವೂ ಮುಗಿಯುತ್ತದೆ. ಎನ್‌ವಿಡಿಯಾದ 2010ರ ಫರ್ಮಿ ಪೀಳಿಗೆಯ ಕಾರ್ಡುಗಳನ್ನು ನಡೆಸುತ್ತಿದ್ದ 390 ಎಂಬ ಆವೃತ್ತಿ ಶಾಖೆಯ ಡ್ರೈವರಿಗೆ 2022ರ ಕೊನೆಗೆ ಬೆಂಬಲ ನಿಂತಿತು. 580 ಶಾಖೆಯೇ ಮ್ಯಾಕ್ಸ್‌ವೆಲ್, ಪ್ಯಾಸ್ಕಲ್, ವೋಲ್ಟಾ ಪೀಳಿಗೆಗಳಿಗೆ ಕೊನೆಯದೆಂದು 2025ರಲ್ಲಿ ಎನ್‌ವಿಡಿಯಾ ತಿಳಿಸಿತು. ಇದರಿಂದ ಜನಪ್ರಿಯವಾದ ಜಿಟಿಎಕ್ಸ್ 1050ರಂತಹ ಕಾರ್ಡು ಮಾತ್ರವಲ್ಲ, ವೋಲ್ಟಾ ಪೀಳಿಗೆಯದೇ ಆದ ವಿ100 ಕೂಡ ಹೊಸ ಶಾಖೆಗಳಿಂದ ಹೊರಗುಳಿಯಿತು. 580 ಶಾಖೆಗೆ ಇನ್ನು ಕೆಲವು ವರ್ಷ ಭದ್ರತಾ ತಿದ್ದುಪಡಿಗಳು ಬರುತ್ತವೆಯಾದರೂ ಆಮೇಲೆ ಉಳಿಯುವುದು ನೂವೋ. ಅದಾದರೋ ಈ ಮೂರು ಪೀಳಿಗೆಗಳ ಬಹುಪಾಲು ಕಾರ್ಡುಗಳ ವೇಗವನ್ನು ಏರಿಸಲಾರದು.

ಇದರ ಎದುರಿಗೆ 2012ರಲ್ಲಿ ಬಂದ ಎಎಂಡಿಯ ರೇಡಿಯಾನ್ ಎಚ್‌ಡಿ 7000 ಸರಣಿಯನ್ನು ಇಟ್ಟು ನೋಡಬೇಕು. ಕಂಪನಿ ಈ ಕಾರ್ಡುಗಳನ್ನು ಮರೆತು ವರ್ಷಗಳಾದ ಮೇಲೂ, 2025ರಲ್ಲಿ ವಾಲ್ವ್‌ಗಾಗಿ ದುಡಿಯುವವರು ಇವನ್ನು ಹಳೆಯ ಡ್ರೈವರಿನಿಂದ ಎಎಂಡಿಜಿಪಿಯುಗೆ ಸಾಗಿಸಿ, ವೇಗವೂ ಹೊಸ ವಲ್ಕನ್ ಬೆಂಬಲವೂ ದೊರೆಯುವಂತೆ ಮಾಡಿದರು. ಹದಿಮೂರು ವರ್ಷ ಹಳೆಯ ಕಾರ್ಡು ಮೊದಲಿಗಿಂತ ಉತ್ತಮವಾದದ್ದು ಸೋರ್ಸ್ ಕೋಡ್ ಎಲ್ಲರ ಕೈಗೆ ಎಟುಕುವಂತಿದ್ದುದರಿಂದ ಮಾತ್ರ. ಒಂದು ಯಂತ್ರವನ್ನು ಬಹುಕಾಲ ಬಾಳಿಸುವ ಊರುಗಳಿಗೆ ಇದಕ್ಕಿಂತ ದೊಡ್ಡ ವಾದ ಬೇಕಿಲ್ಲ.

ಹಾಕಿಕೊಳ್ಳುವವರಿಗೆ ಕೆಲವು ಸೂಚನೆಗಳು

ಲಿನಕ್ಸ್ ಹಾಕಿದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಯಂತ್ರದ ವಿವರ ತೋರಿಸುವ ‘ಅಬೌಟ್’ ಪುಟವನ್ನು ತೆರೆದರೆ ಗ್ರಾಫಿಕ್ಸ್‌ನ ಹೆಸರು ಕಾಣುತ್ತದೆ. ಅಲ್ಲಿ ‘ಎಲ್‌ಎಲ್‌ವಿಎಂಪೈಪ್’ ಎಂದಿದ್ದರೆ ಗ್ರಾಫಿಕ್ಸ್ ಚಿಪ್ ಕೆಲಸಕ್ಕೆ ತೊಡಗಿಲ್ಲವೆಂದೂ ಮುಖ್ಯ ಪ್ರೊಸೆಸರೇ ಚಿತ್ರ ಬಿಡಿಸುತ್ತಿದೆಯೆಂದೂ ಅರ್ಥ. ಇಂಟೆಲ್ ಅಥವಾ ಎಎಂಡಿ ಎಂದಿದ್ದರೆ ಬೇರೇನೂ ಮಾಡಬೇಕಾಗಿಲ್ಲ. ಎನ್‌ವಿಡಿಯಾ ಕಾರ್ಡಿಗೆ ಕಂಪನಿಯ ಡ್ರೈವರ್ ಬೇಕಾದಾಗ ಅದನ್ನು ಕಂಪನಿಯ ತಾಣದಿಂದ ನೇರವಾಗಿ ಇಳಿಸಿಕೊಂಡು ಹಾಕುವ ಬದಲು ವಿತರಣೆಯ ಭಂಡಾರದಿಂದಲೇ, ಉಬುಂಟುವಿನಲ್ಲಾದರೆ ‘ಅಡಿಷನಲ್ ಡ್ರೈವರ್ಸ್’ ಎಂಬ ಸಾಧನದ ಮೂಲಕ, ಹಾಕುವುದು ಕ್ಷೇಮ. ಆಗ ಕರ್ನಲ್ ಹೊಸದಾದಾಗಲೆಲ್ಲ ಡ್ರೈವರೂ ಅದಕ್ಕೆ ಹೊಂದಿಕೊಂಡು ಬರುತ್ತದೆ.

ಯಂತ್ರದಲ್ಲಿ ‘ಸೆಕ್ಯೂರ್ ಬೂಟ್’, ಅಂದರೆ ಸಹಿಯಿಲ್ಲದ ತಂತ್ರಾಂಶವನ್ನು ಆರಂಭದಲ್ಲಿಯೇ ತಡೆಯುವ ವ್ಯವಸ್ಥೆ, ಚಾಲ್ತಿಯಲ್ಲಿದ್ದರೆ ಹೊರಗಿನ ಡ್ರೈವರಿಗೆ ಸಹಿ ಹಾಕುವ ಕೀಲಿಯನ್ನು ನೋಂದಾಯಿಸಲು ಅನುಸ್ಥಾಪನೆಯ ವೇಳೆ ಗುಪ್ತಪದವೊಂದನ್ನು ಕೇಳಲಾಗುತ್ತದೆ. ಮರುಪ್ರಾರಂಭದಲ್ಲಿ ಕಾಣುವ ನೀಲಿ ಪರದೆಯಲ್ಲಿ ಅದನ್ನು ಕೊಡದೆ ಮುಂದೆ ಹೋದವರ ಡ್ರೈವರ್ ಕೆಲಸಕ್ಕೆ ಬರುವುದಿಲ್ಲ. ಡ್ರೈವರ್ ಹೊಸದಾಗುತ್ತಿರುವಾಗ ಕರೆಂಟು ಹೋದರೆ ಕೆಲಸ ಅರ್ಧಕ್ಕೆ ನಿಂತು ಪರದೆ ಕಪ್ಪಾಗಿ ಉಳಿಯಬಹುದಾದ್ದರಿಂದ, ಮಳೆಗಾಲದ ಕರಾವಳಿಯಲ್ಲಿ ಬ್ಯಾಟರಿ ಅಥವಾ ಯುಪಿಎಸ್‌ನ ಆಸರೆಯಿಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು. ಹಾಗೇನಾದರೂ ಆದರೆ ಆರಂಭದ ಪಟ್ಟಿಯಿಂದ ಹಳೆಯ ಕರ್ನಲ್‌ ಆರಿಸಿ ಯಂತ್ರವನ್ನು ಎಬ್ಬಿಸಿ ನೋಡಬಹುದು.

ಇಂಟೆಲ್ ಮತ್ತು ಎನ್‌ವಿಡಿಯಾ ಎರಡೂ ಇರುವ ಲ್ಯಾಪ್‌ಟಾಪುಗಳಲ್ಲಿ ದಿನನಿತ್ಯದ ಕೆಲಸವನ್ನು ಇಂಟೆಲ್‌ಗೆ ಬಿಟ್ಟು, ಬೇಕಾದ ತಂತ್ರಾಂಶಕ್ಕೆ ಮಾತ್ರ ಎನ್‌ವಿಡಿಯಾ ಎಚ್ಚರಗೊಳ್ಳುವಂತೆ ‘ಆನ್ ಡಿಮಾಂಡ್’ ಎಂದು ಹೊಂದಿಸುವುದರಿಂದ ಬ್ಯಾಟರಿಯೂ ಉಳಿಯುತ್ತದೆ, ಎರಡೂ ಡ್ರೈವರುಗಳ ಲಾಭವೂ ದೊರೆಯುತ್ತದೆ. ಮುಚ್ಚಿದ ಡ್ರೈವರ್ ಸೇರಿದೊಡನೆ ಕರ್ನಲ್ ತನ್ನ ದಾಖಲೆಯಲ್ಲಿ ‘ಟೇಂಟೆಡ್’ ಎಂಬ ಗುರುತು ಹಾಕಿಕೊಳ್ಳುತ್ತದೆ. ಅಂತಹ ಯಂತ್ರದ ದೂರುಗಳನ್ನು ಕರ್ನಲ್ ಬರೆಯುವವರು ಸಾಮಾನ್ಯವಾಗಿ ಪರಿಶೀಲಿಸುವುದಿಲ್ಲ, ಏಕೆಂದರೆ ತಪ್ಪು ಎಲ್ಲಿದೆಯೆಂದು ನೋಡಲು ಅವರಿಗೆ ದಾರಿಯೇ ಇಲ್ಲ.

ಕೊಳ್ಳುವ ದಿನದ ನಿರ್ಧಾರ

ಡ್ರೈವರಿನ ಆಯ್ಕೆಯನ್ನು ಯಂತ್ರ ಕೊಂಡ ಮೇಲೆ ಮಾಡುವುದಕ್ಕಿಂತ ಕೊಳ್ಳುವಾಗಲೇ ಮಾಡುವುದು ವಿವೇಕ. ಓದು, ಬರಹ, ಲೆಕ್ಕಪತ್ರ, ಇಂಟರ್‌ನೆಟ್, ಚಿತ್ರ ನೋಡುವುದು ಇಷ್ಟಕ್ಕೆ ಬಳಸುವವರು ಇಂಟೆಲ್ ಅಥವಾ ಎಎಂಡಿ ಒಳಗ್ರಾಫಿಕ್ಸ್ ಉಳ್ಳ ಯಂತ್ರ ಕೊಂಡು ಮುಕ್ತ ಡ್ರೈವರಿನಲ್ಲಿ ನಿಶ್ಚಿಂತೆಯಿಂದ ಇರಬಹುದು. ಆಟಗಳಿಗಾಗಿ ಪ್ರತ್ಯೇಕ ಕಾರ್ಡು ಬೇಕೆನ್ನುವವರಿಗೆ ಲಿನಕ್ಸ್‌ನಲ್ಲಿ ಎಎಂಡಿ ಒಳ್ಳೆಯ ಆಯ್ಕೆ. ಕುಡಾ ಇಲ್ಲದೆ ಕೆಲಸ ನಡೆಯದ ಸಂಶೋಧಕರು, ವಿಡಿಯೊ ವೃತ್ತಿಯವರು ಎನ್‌ವಿಡಿಯಾ ಕೊಳ್ಳಲಿ. ಆದರೆ ಟ್ಯೂರಿಂಗ್‌ಗಿಂತ ಹಳೆಯ ಕಾರ್ಡನ್ನು, ಎಷ್ಟೇ ಅಗ್ಗವಾಗಿ ಸಿಕ್ಕರೂ, ಸೆಕೆಂಡ್‌ಹ್ಯಾಂಡಿನಲ್ಲಿ ಕೊಳ್ಳಬಾರದು.

ಸಾರ್ವಜನಿಕ ಹಣದಿಂದ ಕೊಳ್ಳುವ ಯಂತ್ರಗಳಿಗೆ ಈ ವಿವೇಕ ಇನ್ನೂ ಹೆಚ್ಚು ಬೇಕು. ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ@ಸ್ಕೂಲ್ ಯೋಜನೆಯು ಮುಂದೆ ಕೈಟ್ ಸಂಸ್ಥೆಯಾಗಿ, ಉಬುಂಟು ಆಧಾರಿತ ‘ಕೈಟ್ ಗ್ನೂ/ಲಿನಕ್ಸ್’ ಅನ್ನು ರಾಜ್ಯದ ಶಾಲೆಗಳಿಗೆಲ್ಲ ಒದಗಿಸಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಕನ್ನಡದ ಪಠ್ಯಪುಸ್ತಕ ಇಟ್ಟುಕೊಂಡು ಇದರಲ್ಲಿಯೇ ಕಂಪ್ಯೂಟರ್ ಕಲಿಯುತ್ತಿದ್ದಾರೆ. ಸಾವಿರಾರು ಯಂತ್ರಗಳಿಗೆ ಒಂದೇ ಅನುಸ್ಥಾಪಕದಿಂದ ಲಿನಕ್ಸ್ ಹಾಕಿ ಶಾಲೆಯ ಶಿಕ್ಷಕರೇ ನಡೆಸಿಕೊಂಡು ಹೋಗಬೇಕಾದರೆ ಕರ್ನಲ್‌ನೊಳಗೇ ಇರುವ ಮುಕ್ತ ಡ್ರೈವರುಗಳಷ್ಟು ನೆಚ್ಚಬಹುದಾದದ್ದು ಬೇರೆಯಿಲ್ಲ. ಕರ್ನಾಟಕ ಸರ್ಕಾರವೂ 2025ರ ನವೆಂಬರಿನ ಬೆಂಗಳೂರು ಟೆಕ್ ಸಮ್ಮಿಟ್‌ನಲ್ಲಿ ತನ್ನ ಕಿಯೋನಿಕ್ಸ್ ಸಂಸ್ಥೆಯ ಮೂಲಕ ಲಿನಕ್ಸ್ ಆಧಾರಿತ ‘ಕಿಯೋ’ ಕಂಪ್ಯೂಟರನ್ನು ಪರಿಚಯಿಸಿರುವುದು ಸ್ವಾಗತಾರ್ಹ. ಈ ಹೆಜ್ಜೆ ಬಹುಕಾಲ ಉಳಿಯಬೇಕಾದರೆ ಶಾಲೆ, ಕಾಲೇಜು, ಗ್ರಂಥಾಲಯ, ಗ್ರಾಮ ಪಂಚಾಯಿತಿಗಳಿಗೆ ಕಂಪ್ಯೂಟರ್ ಕೊಳ್ಳುವ ಪ್ರತಿಯೊಂದು ಟೆಂಡರಿನಲ್ಲಿಯೂ ‘ಗ್ರಾಫಿಕ್ಸ್ ಡ್ರೈವರ್ ಮುಕ್ತವಾಗಿರಬೇಕು, ಲಿನಕ್ಸ್ ಕರ್ನಲ್ ಮತ್ತು ಮೆಸಾದಲ್ಲಿ ಸೇರಿರಬೇಕು’ ಎಂಬ ಒಂದು ವಾಕ್ಯ ಕಡ್ಡಾಯವಾಗಬೇಕು. ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ, ಹೊಸ ಕಾನೂನೂ ಬೇಕಿಲ್ಲ. ಟೆಂಡರ್ ಬರೆಯುವವರು ಮನಸ್ಸು ಮಾಡಿದರೆ ಸಾಕು.